ರೊಟ್ಟಿ ಓನರ್ಸ್ ರಿಸ್ಕ್

ಕಾರು ಸಾಗಿಸುವ ಟ್ರಾನ್ಸ್‌ಪೋರ್ಟ್‌ನವರ ಹತ್ತಿರ ಒಂದು ಹಾಳೆ ಇರುತ್ತದೆ. ಅದರ ಮೇಲೆ ಕಾರಿನ ಚಿತ್ರ: ನೆತ್ತಿಯ ಮೇಲಿಂದ ಕಂಡಂತೆ ಒಂದು, ಎರಡೂ ಮಗ್ಗುಲಿನಿಂದ ಒಂದೊಂದು. ಗಾಡಿ ಲಾರಿ ಹತ್ತುವ ಮುಂಚೆ ಒಬ್ಬ ಹುಡುಗ ಅದರ ಸುತ್ತ ಪ್ರದಕ್ಷಿಣೆ ಹಾಕಿ, ಎಲ್ಲೆಲ್ಲಿ ತರಚಿದೆ, ಎಲ್ಲೆಲ್ಲಿ ತಗ್ಗು ಬಿದ್ದಿದೆ ನೋಡಿ ಚಿತ್ರದ ಮೇಲೆ ಇಂಟೂ ಮಾರ್ಕು ಹಾಕುತ್ತಾನೆ. ಮುಂದೆ ಹಳೆಯ ಗಾಯ ಯಾವುದು, ಹೊಸದು ಯಾವುದು ಎಂಬ ತಕರಾರು ಬರಬಾರದಲ್ಲ! ಹುಬ್ಬಳ್ಳಿಯ ಯಾರ್ಡಿನಲ್ಲಿ ನಮ್ಮ ಕಾರಿಗೆ ಈ ಸೇವೆ ನಡೆದಾಗ ಹುಡುಗ ನಡುವೆಯೇ ಪೆನ್ನು ಎತ್ತಿ, “ಚಿತ್ರದಾಗ ಜಾಗಾನ ಉಳೀಲಿಲ್ರಿ ಸರ” ಅಂದ.

ಮಗ ಗುರುಗ್ರಾಮದಲ್ಲಿ ನೌಕರಿಗಿದ್ದಾನೆ. ಜಮಖಂಡಿಯ ಮನೆಯಲ್ಲಿ ನಾವಿಬ್ಬರೇ. ರಾತ್ರಿ ಎದುರಿನ ಲೈಟು ಕಣ್ಣಿಗೆ ಹೊಡೆಯತೊಡಗಿದ ಮೇಲೆ ನಾನು ಕಾರು ಹೊರಗೆ ತೆಗೆಯುವುದೇ ಕಡಿಮೆಯಾಗಿತ್ತು. “ನನಗರ ಕಳಿಸ್ರಿ ಅಪ್ಪಾ” ಅಂದ. ರೈಲಿಗೆ ಹಾಕೋಣವೆಂದರೆ ಬಾಗಲಕೋಟೆ–ಕುಡಚಿ ರೈಲು ಇನ್ನೇನು ಜಮಖಂಡಿಗೆ ಬಂತು ಎಂಬ ಮಾತು ಕೇಳುತ್ತಲೇ ನಮ್ಮ ತಲೆ ನೆರೆತಿವೆ. ಕಾರು ಹೊರುವ ದೊಡ್ಡ ಲಾರಿಯೂ ಈ ಕಡೆ ಬರುವುದಿಲ್ಲ. ಹುಬ್ಬಳ್ಳಿಗೆ ತಂದು ಒಪ್ಪಿಸಿ ಅಂದರು.

“ಇನ್ಶೂರೆನ್ಸ್ ಎಲ್ಲಾ ಅದರಾಗ ಬಂತ್ರಿ” ಎಂದು ಬುಕಿಂಗ್‌ನವ ಫೋನಿನಲ್ಲಿ ಹೇಳಿದ್ದ. ಕಾಗದ ಕೇಳಿದೆ, ಕಳಿಸಿದ. ಬನಹಟ್ಟಿಯಿಂದ ಸೀರೆ ಗಂಟು ಬುಕ್ ಮಾಡುತ್ತಲೇ ವಯಸ್ಸಾದ ಗೆಳೆಯನೊಬ್ಬ ಅದನ್ನು ನೋಡಿ ನಕ್ಕುಬಿಟ್ಟ. “ಇದು ಲಾರಿದೋ ಮಾರಾಯಾ. ಲಾರಿ ಪಲ್ಟಿ ಆದ್ರ ಲಾರಿಗೆ ಕೊಡ್ತಾರ. ಮ್ಯಾಲಿನ ಮಾಲಿಗೆ ಯಾರು ಕೊಡ್ತಾರ?” ಬಿಲ್ಟಿಯ ಮೇಲೆ ‘ಓನರ್ಸ್ ರಿಸ್ಕ್’ ಎಂಬ ಸಿಕ್ಕಾ ಒತ್ತಿರುತ್ತಾರೆ, ಅದನ್ನು ಮೊದಲು ನೋಡು ಅಂದ.

ಕಾಯ್ದೆಯೂ ಅವನಿಗೆ ಬಾಯಿಪಾಠ. ಬ್ರಿಟಿಷರ ಕಾಲದ 1865ರ ಕ್ಯಾರಿಯರ್ಸ್ ಆಕ್ಟ್ ಹೋಗಿ 2007ರ ಕ್ಯಾರೇಜ್ ಬೈ ರೋಡ್ ಆಕ್ಟ್ ಬಂದಿದೆ. ಮಾಲು ಹಾಳಾದರೆ ಟ್ರಾನ್ಸ್‌ಪೋರ್ಟ್‌ನವನ ಅಲಕ್ಷ್ಯದಿಂದಲೇ ಆಯಿತೆಂದು ನಾವು ಸಾಬೀತು ಮಾಡಬೇಕಿಲ್ಲ. ಆದರೆ ಮಾಲಿನ ಬೆಲೆ ಬರೆಸಿ, ಹೆಚ್ಚಿನ ರಿಸ್ಕ್ ದರ ಕೊಡಲು ಮೊದಲೇ ಒಪ್ಪದಿದ್ದರೆ ಅವನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ಬಾಡಿಗೆ ಹದಿನೈದು ಸಾವಿರವಾದರೆ ಒಂದೂವರೆ ಲಕ್ಷ, ಮುಗಿಯಿತು. ದಾವೆ ಹಾಕುವುದಿದ್ದರೆ ಬುಕ್ ಮಾಡಿದ 180 ದಿನದೊಳಗೆ ಲಿಖಿತ ನೋಟಿಸು ಹೋಗಿರಬೇಕು. “ನಿಂದು ಫುಲ್ ಇನ್ಶೂರೆನ್ಸ್ ಐತೇನು? ಹಂಗಾದ್ರ ಮನ್ಯಾಗಿನ ಪಾಲಿಸಿ ತಗದು ಓದು” ಅಂದ.

ಪಾಲಿಸಿ ಓದುವ ಚಟ ನನಗಿರಲಿಲ್ಲ. ಚಾಳೀಸು ಏರಿಸಿಕೊಂಡು ಕೂತೆ. ಕಳವು, ಬೆಂಕಿ, ನೆರೆ, ಗಲಭೆ ಎಲ್ಲ ದಾಟಿದ ಮೇಲೆ ಸಿಕ್ಕಿತು: ಗಾಡಿಯನ್ನು ರಸ್ತೆ, ರೈಲು, ಒಳನಾಡಿನ ಜಲಮಾರ್ಗ, ಲಿಫ್ಟು, ವಿಮಾನದ ಮೂಲಕ ಸಾಗಿಸುವಾಗ ಆದ ನಷ್ಟಕ್ಕೂ ರಕ್ಷಣೆ ಉಂಟು. ಬರೀ ಥರ್ಡ್ ಪಾರ್ಟಿ ಪಾಲಿಸಿಗೆ ಈ ಭಾಗ್ಯವಿಲ್ಲ. ಬರೆದವನು ಎಲ್ಲಿಯವನೋ, ರಬಕವಿ ದಂಡೆಯಲ್ಲಿ ನಿಂತು ಬೈಕುಗಳು ದೋಣಿ ಹತ್ತಿ ಮಹಿಷವಾಡಗಿ ಕಡೆ ಕೃಷ್ಣೆ ದಾಟುವುದನ್ನು ನೋಡಿಯೇ ಜಲಮಾರ್ಗ ಸೇರಿಸಿದನೋ ಏನೋ ಅನ್ನಿಸಿತು.

ಕಾರಿನ ಬೆಲೆ ಎಷ್ಟು ಬರೆಸುವುದು ಎಂಬಲ್ಲಿ ನನ್ನವಳು ಬಾಯಿ ಹಾಕಿದಳು. ಅವಳು ಮುಳುಗಡೆ ಊರಿನವಳು. ಆಲಮಟ್ಟಿಯ ಹಿನ್ನೀರು ಬೀಳಗಿ ತಾಲ್ಲೂಕಿಗೆ ಬರುವ ಮುಂಚೆ ಪರಿಹಾರದ ಲೆಕ್ಕಕ್ಕೆ ಬಂದವರು ಗೋಡೆ, ತೊಲೆ, ಬಾವಿ, ಗಿಡ ಎಲ್ಲ ಎಣಿಸಿದ್ದರಂತೆ. ಅಂಗಳದ ಬೇವಿನ ಗಿಡದ ಕೆಳಗೆ ನಿಂತು “ಇದು ಎಷ್ಟು ವರ್ಷದ್ದು?” ಎಂದು ಕೇಳಿದಾಗ ಮಾವನವರು “ನಮ್ಮವ್ವನ್ನ ಕೇಳಬೇಕ್ರಿ” ಅಂದರಂತೆ. ಅವ್ವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. “ಬರಕೊಳ್ಳಾವ್ರು ಬರಕೋತಾರ, ನೀವು ಕಮ್ಮಿ ಮಾತ್ರ ಹೇಳಬ್ಯಾಡ್ರಿ” ಅಂದಳು.

ಯಾರ್ಡಿನ ಹುಡುಗ ಎಡಬಾಗಿಲಿಗೆ ಹಾಕಿದ ಇಂಟೂ ಮಾರ್ಕು ಮುಧೋಳದ್ದು. ತಿಮ್ಮಾಪುರದ ನಾಯಿ ಸಂಶೋಧನಾ ಕೇಂದ್ರ ನೋಡಿಕೊಂಡು ಬರುವಾಗ ರಸ್ತೆ ಬದಿಯ ಮನೆಯ ಮುಧೋಳ ತಳಿಯ ಬೇಟೆನಾಯಿಯೊಂದು ಮಗನ ಕೈಯ ಬಿಸ್ಕತ್ತಿಗೆ ಹಾರಿ ಉಗುರು ಊರಿತ್ತು. ಆ ತಳಿ 2005ರಲ್ಲಿ ಅಂಚೆಚೀಟಿಯ ಮೇಲೂ ಬಂದದ್ದು, ಆದ್ದರಿಂದ ನಾವು ಪಾಲಿಶ್ ಮಾಡಿಸಲಿಲ್ಲ. ಹಿಂದಿನ ತಗ್ಗು ಕಬ್ಬಿನ ಸೀಜನ್ನಿನದು. ಎರಡು ಟ್ರೇಲರ್ ಕಟ್ಟಿಕೊಂಡು, ಮಸೀದಿಯಷ್ಟು ಎತ್ತರ ಕಬ್ಬು ಹೇರಿಕೊಂಡು, ಡೆಕ್ ಹಚ್ಚಿ ಹೊರಟ ಟ್ರ್ಯಾಕ್ಟರಿಗೆ ಹಿಂದೆ ಯಾರಿದ್ದಾರೆ ಎಂಬುದು ಕೇಳಿಸುವುದಿಲ್ಲ.

ಬಲಮಗ್ಗುಲಿಗೆ ಮಾರ್ಕು ಸಾಲದೆ ಅವನು ಉದ್ದಕ್ಕೆ ಗೆರೆ ಎಳೆದ. ಅದು ಬೀಳಗಿ ಕಡೆಯ ಜಾಲಿಕಂಟಿ. ಮಳೆಗಾಲ ಮುಗಿದು ಜಲಾಶಯ 519.60 ಮೀಟರಿಗೆ ತುಂಬಿದಾಗ ಅಲ್ಲಿ ನೀರೇ ನೀರು. ಬೇಸಿಗೆಯಲ್ಲಿ ಇಳಿದಾಗ ಹಳೆಯ ಊರಿನ ಬುನಾದಿ ಕಲ್ಲು ಏಳುತ್ತವೆ. ನನ್ನವಳಿಗೆ ಅದನ್ನು ನೋಡಲೇಬೇಕು. ಎರಡೂ ಕಡೆ ಜಾಲಿ ಮುತ್ತಿದ ಗಾಡಿದಾರಿಯಲ್ಲಿ ಕಾರು ಕಿರ್ರೆಂದು ನುಗ್ಗುತ್ತದೆ, ನನ್ನ ಹಲ್ಲು ಜುಮ್ಮೆನ್ನುತ್ತದೆ. ಅವಳು ಮಾತ್ರ ಕಿಟಕಿಯಿಂದ ಕೈ ಚಾಚಿ “ಇದು ಅಡಿಗಿಮನಿ, ಇದು ದನದ ಕೊಟಗಿ” ಎಂದು ಮಗನಿಗೆ ಹೇಳುತ್ತಿದ್ದಳು.

ಹುಡುಗ ಡಿಕ್ಕಿ ತೆಗೆಸಿದ. ಸ್ಟೆಪ್ನಿಯ ಮೇಲೆ ಬಟ್ಟೆ ಸುತ್ತಿದ ಕಟಕ ರೊಟ್ಟಿಯ ಥಪ್ಪಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮುಧೋಳ ಕಡೆಯ ಬೆಲ್ಲ.

“ಒಳಗ ಏನೂ ಇಡಂಗಿಲ್ರಿ ಅಮ್ಮಾರ. ಜಾಕು, ಸ್ಟೆಪ್ನಿ ಅಷ್ಟ. ಸಾಮಾನಿಗೆ ಇನ್ಶೂರೆನ್ಸ್ ಇಲ್ಲ.”

“ರೊಟ್ಟಿಗೆ ಎಂಥಾ ಇನ್ಶೂರೆನ್ಸೋ ತಮ್ಮಾ! ಓನರ್ಸ್ ರಿಸ್ಕ್ ಅಂತ ಬರಕೋ” ಅಂದಳು. ಅವನ ಕೈಗೂ ಒಂದು ಹಿಂಡಿ ಪೊಟ್ಟಣ ಬಂತು. ಅವನು ಡಿಕ್ಕಿ ಮುಚ್ಚಿದ.

ಹನ್ನೆರಡು ತಿಂಗಳಿಗಿಂತ ಹೆಚ್ಚು ಅಲ್ಲಿಟ್ಟರೆ ಹರಿಯಾಣದ ನಂಬರು ಹಾಕಿಸಬೇಕು, ನಮ್ಮ ಕೆಎ 48 ಹೋಗುತ್ತದೆ. ಇದನ್ನು ನಾನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಕಾರು ಮುಟ್ಟಿದ ದಿನ ಮಗ ಫೋನ್ ಮಾಡಿದ. ಹಿಂದಿನ ಬಂಪರಿನ ಮೇಲೆ ಒಂದು ಹೊಸ ಗೀರು, ನಾನು ಕಳಿಸಿದ ಫೋಟೋದಲ್ಲಿ ಇಲ್ಲದ್ದು. “ಸಹಿ ಮಾಡೋಕಿಂತ ಮೊದಲ ಡೆಲಿವರಿ ಹಾಳಿ ಮ್ಯಾಲ ಅದನ್ನ ಬರಿ” ಅಂದೆ, ಬರೆದ. ವಿಮೆ ಏಜೆಂಟರಿಗೆ ಹೇಳಿದರೆ ಅವರು ಲೆಕ್ಕ ಬಿಚ್ಚಿದರು. ಬಂಪರ್ ಪ್ಲಾಸ್ಟಿಕ್ಕು, ಸವಕಳಿ ಅಂತ ಅರ್ಧ ಮುರಿಯುತ್ತಾರೆ. ಮೊದಲ 1000 ರೂಪಾಯಿ ಹೇಗೂ ನಮ್ಮ ಕೈಯಿಂದ. ಉಳಿದ ಚಿಲ್ಲರೆ ಇಸಿದುಕೊಂಡರೆ ಮುಂದಿನ ವರ್ಷದ 50% ನೋ ಕ್ಲೇಮ್ ಬೋನಸ್ ಹೋಗುತ್ತದೆ. “ಸುಮ್ನ ಇರೋದ ಲಾಭ ನೋಡ್ರಿ” ಅಂದರು.

ಇದನ್ನೆಲ್ಲ ಮಗನಿಗೆ ವಿವರಿಸುತ್ತಿರುವಾಗ ನನ್ನವಳು ಫೋನು ಕಸಿದುಕೊಂಡಳು.

“ರೊಟ್ಟಿ ಏಸು ಮುರದಾವೋ?”

“ಮ್ಯಾಲಿನ ನಾಕೈದು ಮುರದಾವ ಯವ್ವಾ. ಉಳದಾವು ಚೊಲೋ ಅದಾವ.”

“ಮುರದಾವು ಮಸರಾಗ ನೆನಸಿ ಇವತ್ತ ತಿನ್ನು” ಅಂದಳು. ಬಂಪರಿನ ಮಾತು ಮತ್ತೆ ಯಾರೂ ಎತ್ತಲಿಲ್ಲ.