ಡೇರೆಯೊಳಗಿನ ಮಳೆ

ಮಗಳು ಹಾಸ್ಟೆಲಿಗೆ ಹೊರಡುವ ಮುನ್ನ ಮನೆಮಂದಿಯೆಲ್ಲ ಎರಡು ರಾತ್ರಿ ಡೇರೆಯಲ್ಲಿ ಕಳೆಯಬೇಕೆಂಬುದು ಅಪ್ಪನ ಆಸೆ. ರಜೆ ಸಿಕ್ಕಿದ್ದು ಆರಿದ್ರಾ ಮಳೆಯಲ್ಲಿ, ಆರಿಸಿದ್ದು ಆಗುಂಬೆ! ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 1,000 ಮಿಲಿಮೀಟರ್ ಮಳೆಯಾದರೆ ಅಲ್ಲಿ 7,000 ದಾಟುತ್ತದೆ. ಸೂರ್ಯಾಸ್ತ ನೋಡಲು ನಿಂತವರಿಗೆ ಕಂಡದ್ದು ಬಿಳಿ ಮಂಜು.

ಪರಿಚಯದವರ ಅಂಗಳದಲ್ಲಿ ಡೇರೆ ಎದ್ದಿತು. ಉಂಬಳದ ಭಯಕ್ಕೆ ಜಿಪ್ಪನ್ನು ಪೂರ್ತಿ ಎಳೆದರು. ನಡುರಾತ್ರಿ ಮುಖದ ಮೇಲೆ ತೊಟತೊಟ ಹನಿ. 'ಸೋರೋ ಡೇರೆ ತಂದಿದ್ದೀರಲ್ಲ' ಎಂದು ಅಮ್ಮ ಸಿಡುಕಿದಳು. ಅಪ್ಪ ಮಾತಾಡಲಿಲ್ಲ.

ಡೇರೆ ಸೋರುತ್ತಿರಲಿಲ್ಲ. ನಾಲ್ವರ ಉಸಿರಿನ ಆವಿ ತಣ್ಣನೆಯ ಬಟ್ಟೆಗೆ ತಾಗಿ ನೀರಾಗುತ್ತಿತ್ತು. ಶಾಲೆಯಲ್ಲಿ ಸಾಂದ್ರೀಕರಣವೆಂದು ಬರೆದು ಅಂಕ ಪಡೆದವರಿಗೂ ಅದು ಮೂಗಿನ ಮೇಲೆ ಬಿದ್ದಾಗ ಗುರುತು ಸಿಗುವುದಿಲ್ಲ. ಒಂಬತ್ತನೆಯ ತರಗತಿಯ ಮಗನಿಗೆ ಸಿಕ್ಕಿತು. ಎದ್ದು ಎರಡು ಕಡೆಯ ಬಲೆಕಿಟಕಿ ತೆರೆದ. ಹನಿ ತುಸು ಕಡಿಮೆಯಾಯಿತು, ಚಳಿ ಹೆಚ್ಚಾಯಿತು.

'ಈ ಮಳೇಲಿ ನಮ್ಮ ದನವೂ ಹೊರಗೆ ಮಲಗೋದಿಲ್ಲ ಮಾರಾಯ್ರೆ' ಎನ್ನುತ್ತ ಮನೆಯ ಅಜ್ಜಿ ಎಲ್ಲರನ್ನೂ ಜಗಲಿಗೆ ಕರೆದು ಕಷಾಯ ಕೊಟ್ಟರು, ಹಲಸಿನ ಹಪ್ಪಳ ಸುಟ್ಟರು. ಎರಡನೆಯ ರಾತ್ರಿ ಡೇರೆಯ ಮಾತೇ ಏಳಲಿಲ್ಲ. ಅಪ್ಪನ ಶಾಲು ಹೊದ್ದು ಕುಳಿತ ಮಗಳು, ಹಾಸ್ಟೆಲೆಂದರೆ ತನಗೆ ಭಯವೆಂದು ಮೊದಲ ಸಲ ಬಾಯಿಬಿಟ್ಟಳು.