ಪಟ್ಟಿಯಿಂದ ಬಿಟ್ಟುಹೋದ ಹಾಡು

ಡಿಸೆಂಬರ್ ಬಂತೆಂದರೆ ನಮ್ಮ ಕಡೆಯ ಶಾಲೆಗಳಿಗೆ ಒಂದು ಬಗೆಯ ಜ್ವರ ಹಿಡಿಯುತ್ತದೆ. ಅದರ ಹೆಸರು ಸ್ಕೂಲ್ ಡೇ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ – ಈ ನಾಲ್ಕು ತಾಲ್ಲೂಕುಗಳ ಒಳಗೇ ನನ್ನ ಟೀಚರ್ ಕೆಲಸವೆಲ್ಲ ಮುಗಿಯಿತು. ವರ್ಗವಾಗಿ ಯಾವ ಊರಿಗೇ ಹೋಗಲಿ, ವಾರದೊಳಗೆ ಹೆಡ್‌ಮಾಸ್ಟರ ಕಿವಿಗೆ ಸುದ್ದಿ ಬಿದ್ದಿರುತ್ತಿತ್ತು: 'ಈ ಮೇಡಮ್ಮಿಗೆ ಹಾರ್ಮೋನಿಯಂ ಬರುತ್ತಂತೆ.' ಅಲ್ಲಿಗೆ ಆಯಿತು. ಪಾಠ ಮಾಡಲು ಬರುತ್ತದೋ ಇಲ್ಲವೋ ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ಸ್ವಾಗತ ಗೀತೆಯಿಂದ ವಂದನಾರ್ಪಣೆಯವರೆಗೆ ಹಾಡಿನ ಹೊರೆಯೆಲ್ಲ ನನ್ನ ತಲೆಗೆ.

ಸ್ವಾಗತ ಗೀತೆಯ ಫಜೀತಿ ನಿಮಗೂ ಗೊತ್ತಿರಬೇಕು. ಬಂದ ಅತಿಥಿಗಳ ಹೆಸರೆಲ್ಲ ಅದರಲ್ಲಿ ಬರಬೇಕು. ಮುಖ್ಯ ಅತಿಥಿಗಳು ಕಡೇ ಗಳಿಗೆಯಲ್ಲಿ ಬದಲಾಗುವುದಂತೂ ಮಾಮೂಲು. ಮೂರಕ್ಷರದ ಹೆಸರಿನವರು ಬರಬೇಕಾದ ಕಡೆ ಊರಿನ ಹೆಸರು, ತಂದೆಯ ಹೆಸರು ಎಲ್ಲ ಹೊತ್ತ ಎಂಟಕ್ಷರದವರು ಬಂದು ಕೂತರೆ ತಾಳ ಏನಾಗಬೇಡ! ಮಕ್ಕಳು ಆ ಸಾಲು ಬಂದಾಗ ಉಸಿರುಗಟ್ಟಿ ಓಡುತ್ತಿದ್ದರು. ಸಭೆಯಲ್ಲಿದ್ದ ತಾಯಂದಿರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಅತಿಥಿಗಳು ಮಾತ್ರ ತಮ್ಮ ಹೆಸರು ಹಾಡಿನಲ್ಲಿ ಬಂತಲ್ಲ ಎಂದು ಸುಪ್ರೀತರಾಗಿ ಕೂತಿರುತ್ತಿದ್ದರು.

ಯಾವ ಹಾಡು ಇರಬೇಕು, ಯಾವುದು ಬೇಡ ಎಂದು ಹೇಳುವ ಅಧಿಕಾರ ಶಾಲೆಗೆ ಇರಲೇಬೇಕು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನೇ ಎಷ್ಟೋ ಹಾಡುಗಳಿಗೆ ಕತ್ತರಿ ಹಾಕಿದ್ದೇನೆ. ಹೊಗೆಸೊಪ್ಪು ಹರಾಜಾಗಿ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ; ಅಪ್ಪಂದಿರು ಉತ್ಸಾಹದಿಂದ ಕ್ಯಾಸೆಟ್ ಕೊಂಡು ತಂದು ಕೊಡುವರು. ಒಂದು ಸಲ ಐದನೇ ಕ್ಲಾಸಿನ ಹುಡುಗಿಯರು ಕುಣಿಯುತ್ತೇವೆಂದು ತಂದ ಸಿನಿಮಾ ಹಾಡಿನ ಅರ್ಥ ಆ ಮಕ್ಕಳಿಗೆ ತಿಳಿಯದು, ತಿಳಿದ ನಮಗೆ ಮುಖ ಎತ್ತಲು ನಾಚಿಕೆ. ಬೇಡ ಎಂದೆ. ಹುಡುಗಿಯರು ಅತ್ತರು. 'ಈ ಹಾಡಿನಲ್ಲಿ ಹೆಣ್ಣುಮಕ್ಕಳನ್ನ ಆಡಿಕೊಂಡಿದ್ದಾರೆ ಕಣ್ರೇ, ನಿಮ್ಮನ್ನ ಕುಣಿಸೋಕೆ ನಂಗಿಷ್ಟ ಇಲ್ಲ' ಎಂದು ಕೂರಿಸಿಕೊಂಡು ಹೇಳಿದೆ. ಬೇರೆ ಹಾಡು ಕಲಿಸಿದೆ. ಎರಡು ದಿನ ಮುನಿಸಿಕೊಂಡವರು ಮೂರನೇ ದಿನ ಗೆಜ್ಜೆ ಕಟ್ಟಿಕೊಂಡು ಬಂದರು.

ಮಕ್ಕಳ ಹಾಡು ಎಂದರೆ ಬರೀ ಹಾಡಲ್ಲ, ದೊಡ್ಡವರು ಅದಕ್ಕೂ ಸುತ್ತೋಲೆ ಹೊರಡಿಸುತ್ತಾರೆ. ಕುವೆಂಪು ಅವರ ಕವಿತೆಯನ್ನು ಸರ್ಕಾರ ನಾಡಗೀತೆಯೆಂದು ಘೋಷಿಸಿದ್ದು 2004ರಲ್ಲಿ. ಅದಾದ ಮೇಲೂ ಒಂದು ಶಾಲೆಯಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿ, ಇನ್ನೊಂದರಲ್ಲಿ ಸಿ. ಅಶ್ವಥ್ ಅವರ ಧಾಟಿ. ಎರಡು ಶಾಲೆಯ ಮಕ್ಕಳು ಒಂದೇ ವೇದಿಕೆ ಹತ್ತಿದರೆ ಎರಡು ಹೊಳೆ ಎರಡು ದಿಕ್ಕಿಗೆ ಹರಿದಂತೆ. ಕೊನೆಗೆ 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯಲ್ಲೇ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕೆಂದು ಆದೇಶ ಮಾಡಿತು. ಅದನ್ನು ಪ್ರಶ್ನಿಸಿ ಗಾಯಕರೊಬ್ಬರು ಹೈಕೋರ್ಟಿಗೆ ಹೋದರು. 2024ರಲ್ಲಿ ಅರ್ಜಿ ವಜಾ ಆಯಿತು. ಒಟ್ಟಿಗೆ ಹಾಡುವ ಹಾಡಿಗೆ ಒಂದು ಧಾಟಿ ಬೇಕು, ಸರಿ. ನನ್ನ ತಕರಾರು ಅಲ್ಲಿಲ್ಲ.

ತಕರಾರು ಇರುವುದು ನನ್ನ ಮೇಲೆಯೇ. ಆ ಮಾತಿಗೆ ಬರಲು ಇಷ್ಟು ಸುತ್ತಿ ಬಂದೆ.

1996ರ ಡಿಸೆಂಬರ್. ಆಗ ನಾನಿದ್ದದ್ದು ಕಾಡಂಚಿನ ಒಂದು ಶಾಲೆಯಲ್ಲಿ. ಊರಿನ ಹೆಸರು, ಶಾಲೆಯ ಹೆಸರು ಬೇಡ. ಏಳನೇ ಕ್ಲಾಸಿನಲ್ಲಿ ಹಾಡಿಯಿಂದ ಬರುತ್ತಿದ್ದ ಒಬ್ಬಳು ಜೇನುಕುರುಬರ ಹುಡುಗಿಯಿದ್ದಳು. ತರಗತಿಯಲ್ಲಿ ಮಾತೇ ಆಡದವಳು. ಹಾಡಲು ಯಾರು ಯಾರು ಬರುತ್ತೀರಿ ಎಂದಾಗ ಬಾಗಿಲ ಹತ್ತಿರ ಬಂದು ನಿಂತಳು. 'ಮಿಸ್, ನಮ್ಮಜ್ಜಿ ಹಾಡು ಹಾಡ್ಲಾ?' ಎಂದಳು. ಹಾಡು ಅವರ ಮಾತಿನಲ್ಲೇ ಇತ್ತು. ಹಾರ್ಮೋನಿಯಂ ಮೇಲೆ ಕೈಯಿಟ್ಟವಳು ಹಾಗೇ ತೆಗೆದುಬಿಟ್ಟೆ. ಶ್ರುತಿ ಹಿಡಿಯುವ ಅಗತ್ಯವೇ ಇರಲಿಲ್ಲ. ಅರ್ಥ ಕೇಳಿದೆ. ಒಬ್ಬ ಹೆಂಗಸು ಗೆಣಸು ಅಗೆಯಲು ಕಾಡಿಗೆ ಹೋಗುತ್ತಾಳೆ. ಗೆಣಸಿನ ಬಳ್ಳಿಯನ್ನೂ ಜೇನನ್ನೂ ಮಾತಾಡಿಸುತ್ತಾಳೆ. ಕೊನೆಗೆ ಗಾರ್ಡು ಬಂದು ಅಗೆಯುವ ಕೋಲು ಕಿತ್ತುಕೊಳ್ಳುತ್ತಾನೆ. ಈ ಗೆಣಸು ನೆಟ್ಟವನು ನೀನೋ, ನಿಮ್ಮಪ್ಪನೋ ಎಂದು ಅವಳು ಕೇಳುತ್ತಾಳೆ. ಗಾರ್ಡಿನ ಭಾಗವನ್ನು ಅಜ್ಜಿಯೇ ಸೇರಿಸಿದ್ದಂತೆ. ಪಟ್ಟಿಯಲ್ಲಿ ಹನ್ನೊಂದನೆಯದಾಗಿ ಬರೆದುಕೊಂಡೆ: ಜನಪದ ಗೀತೆ.

ಸ್ಕೂಲ್ ಡೇಗೆ ಮೂರು ದಿನ ಇರುವಾಗ ಹೆಡ್‌ಮಾಸ್ಟರು ಕರೆದರು. ಪಟ್ಟಿಯಲ್ಲಿ ಹನ್ನೊಂದರ ಸುತ್ತ ಕೆಂಪು ಶಾಯಿಯ ಸುತ್ತು.

'ಇದೇನ್ ಮೇಡಂ?'

'ಜನಪದ ಗೀತೆ ಸಾರ್.'

'ಅರ್ಥ ಗೊತ್ತಾ ನಿಮ್ಗೆ? ಮೂರ್ಕಲ್ಲಿನ ಗಲಾಟೆ ಪೇಪರಲ್ಲಿ ಓದ್ಲಿಲ್ವಾ? ಕಾಡಿನ ಸಾಹೇಬರನ್ನ ನಾವೇ ಕರೆಸಿ, ಮುಂದೆ ಕೂರಿಸಿಕೊಂಡು ಇದನ್ನ ಹಾಡಿಸೋದಾ?'

'ಮಗು ತುಂಬಾ ಚೆನ್ನಾಗಿ ಹಾಡ್ತಾಳೆ ಸಾರ್.'

'ಚೆನ್ನಾಗಿ ಹಾಡಿದ್ರೇನೇ ಕಷ್ಟ ಮೇಡಂ.'

ಅವರು ಕೆಟ್ಟವರಲ್ಲ. ನಾಗರಹೊಳೆಯ ಮೂರ್ಕಲ್ಲಿನಲ್ಲಿ ತಾಜ್ ಸಮೂಹದ ಹೋಟೆಲಿಗೆ ಕಾಡಿನೊಳಗೆ ಜಾಗ ಗುತ್ತಿಗೆ ಕೊಟ್ಟದ್ದರ ವಿರುದ್ಧ ಆದಿವಾಸಿಗಳು ಚಳವಳಿ ಮಾಡುತ್ತಿದ್ದ ಕಾಲ ಅದು. ಆ ಗುತ್ತಿಗೆ ಕಾನೂನಿಗೆ ಸಲ್ಲದೆಂದು ಹೈಕೋರ್ಟು ಹೇಳಿದ್ದು ಮುಂದೆ, 1997ರಲ್ಲಿ. ಅದೂ ಅಲ್ಲದೆ ಮುಖ್ಯ ಅತಿಥಿಯಾಗಿ ಬರುವ ಸಾಹೇಬರು ಶಾಲೆಗೆ ಬೆಂಚು ಮಾಡಿಸಿಕೊಡುವುದಾಗಿ ಮಾತು ಕೊಟ್ಟಿದ್ದರು. ನಮ್ಮ ಮಕ್ಕಳು ನೆಲದ ಮೇಲೆ ಕೂರುತ್ತಿದ್ದರು. ಒಂದು ಹಾಡಿಗಾಗಿ ಬೆಂಚು ಕಳೆದುಕೊಳ್ಳುವುದೇ? ಅವರ ಲೆಕ್ಕ ಅವರಿಗೆ. ನಾನು 'ಆಗಲಿ ಸಾರ್' ಎಂದು ಬಂದೆ.

ಆಮೇಲೆ ನಾನು ಮಾಡಿದ್ದು ಮಾತ್ರ ಯಾರೂ ಹೇಳಿಕೊಟ್ಟು ಮಾಡಿದ್ದಲ್ಲ. ಹುಡುಗಿಯನ್ನು ಕರೆದು, 'ಟೈಮಿಲ್ಲ ಮಗು, ಐಟಂ ಜಾಸ್ತಿ ಆಗಿಹೋಯ್ತು. ನೀನು ಸ್ವಾಗತ ಗೀತೆಗೆ ಸೇರ್ಕೊ' ಎಂದೆ. ಅವಳು ತಲೆಯಾಡಿಸಿದಳು.

ಸ್ಕೂಲ್ ಡೇ ರಾತ್ರಿ ರೆಕಾರ್ಡ್ ಡ್ಯಾನ್ಸೊಂದಕ್ಕೆ ಒನ್ಸ್ ಮೋರ್ ಬಂತೆಂದು ಎರಡು ಸಲ ಕುಣಿಸಿದರು. ಟೈಮಿತ್ತು. ಸ್ವಾಗತ ಗೀತೆಯಲ್ಲಿ ಮೂರನೇ ಸಾಲಿನಲ್ಲಿ ನಿಂತಿದ್ದ ಆ ಹುಡುಗಿ ಬಾಯಿ ಬಿಡಲಿಲ್ಲ. ಕೈ ಜೋಡಿಸಿ ನಿಂತಿದ್ದಳು, ಎಲ್ಲರ ಜೊತೆ ನಮಸ್ಕಾರ ಮಾಡಿ ಇಳಿದಳು. ಹಾರ್ಮೋನಿಯಂ ಹಿಂದೆ ಕೂತಿದ್ದ ನನಗೆ ಕಂಡಿತು, ಜೊತೆಯ ಮೇಡಮ್ಮೊಬ್ಬರಿಗೂ ಕಂಡಿತು. 'ಎಷ್ಟು ಕೊಬ್ಬು ನೋಡ್ರಿ' ಎಂದರು. 'ಗಂಟಲು ಕೆಟ್ಟಿತ್ತು' ಎಂದೆ. ಅದು ನನ್ನ ಎರಡನೇ ಸುಳ್ಳು.

ಬಾಯಿ ಬಿಡದೆ ನಿಲ್ಲುವುದಕ್ಕೂ ಈ ದೇಶದಲ್ಲಿ ಹಕ್ಕುಂಟು ಎನ್ನುವುದು ನನಗೆ ಆಗ ತಿಳಿದಿರಲಿಲ್ಲ. ಕೇರಳದ ಒಂದು ಶಾಲೆಯಲ್ಲಿ 1985ರಲ್ಲಿ ಯೆಹೋವನ ಸಾಕ್ಷಿಗಳು ಎಂಬ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ಧರ್ಮದ ನಂಬಿಕೆಗಾಗಿ ಹಾಡುತ್ತಿರಲಿಲ್ಲ. ಶಾಲೆ ಅವರನ್ನು ಹೊರಗೆ ಹಾಕಿತು. ತಂದೆ ಸುಪ್ರೀಂ ಕೋರ್ಟಿನವರೆಗೆ ಹೋದರು. 1986ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರಿದ್ದ ಪೀಠ, ಹಾಡಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ, ಗೌರವದಿಂದ ನಿಂತರೆ ಅಗೌರವವಾಗುವುದಿಲ್ಲ ಎಂದು ಹೇಳಿ, ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳುವಂತೆ ಮಾಡಿತು.

ಅಮೆರಿಕದಲ್ಲಿ ಶಾಲೆಯೇ ಗೆದ್ದ ಒಂದು ಪ್ರಕರಣವನ್ನೂ ಓದಿದೆ. ವಾಷಿಂಗ್ಟನ್ ರಾಜ್ಯದ ಎವರೆಟ್‌ನಲ್ಲಿ 2006ರಲ್ಲಿ ಹೈಸ್ಕೂಲಿನ ಬೀಳ್ಕೊಡುಗೆ ಸಮಾರಂಭಕ್ಕೆ ವಾದ್ಯಗೋಷ್ಠಿಯ ಮಕ್ಕಳು 'ಆವೆ ಮರಿಯಾ' ನುಡಿಸಬೇಕೆಂದಿದ್ದರು. ಬರೀ ವಾದ್ಯ, ಸಾಹಿತ್ಯವೇ ಇಲ್ಲ. ಹೆಸರೇ ಧಾರ್ಮಿಕವಾಯಿತು ಎಂದು ಆಡಳಿತದವರು ಬೇಡವೆಂದರು. ಒಬ್ಬ ವಿದ್ಯಾರ್ಥಿನಿ ಕೋರ್ಟಿಗೆ ಹೋದಳು. 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಶಾಲೆಯ ಪರವಾಗಿ ತೀರ್ಪು ಕೊಟ್ಟಿತು; 2010ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಆ ಹುಡುಗಿ ಸೋತಳು. ಆದರೂ ನನಗೆ ಅವಳ ಮೇಲೆ ಒಂದು ಹೊಟ್ಟೆಕಿಚ್ಚು, ನಮ್ಮ ಹುಡುಗಿಯ ಪರವಾಗಿ. ಏಕೆಂದರೆ ಅವಳಿಗೆ ಕಾರಣ ಹೇಳಿದ್ದರು. ಕೇರಳದ ಮಕ್ಕಳಿಗೂ ಹೇಳಿದ್ದರು. ಕಾರಣ ಹೇಳಿದರೆ ತಾನೇ ಅದು ಸರಿಯಲ್ಲ ಎಂದು ವಾದಿಸಲು ಬರುವುದು? 'ಟೈಮಿಲ್ಲ' ಎನ್ನುವ ಮಾತಿಗೆ ಏನೆಂದು ವಾದಿಸುವುದು, ಯಾವ ಕೋರ್ಟಿಗೆ ಹೋಗುವುದು? ನಾನು ಹಾಡನ್ನಷ್ಟೇ ಕಿತ್ತುಕೊಂಡಿರಲಿಲ್ಲ, ಕೇಳುವ ಬಾಯನ್ನೂ ಕಟ್ಟಿದ್ದೆ. ಸಿನಿಮಾ ಹಾಡಿನ ಹುಡುಗಿಯರಿಗೆ ಕಾರಣ ಹೇಳಿದವಳು ಇವಳಿಗೇಕೆ ಹೇಳಲಿಲ್ಲ? ಅಲ್ಲಿ ನನ್ನ ಕಾರಣ ಹೇಳಿಕೊಳ್ಳುವಂಥದ್ದಾಗಿತ್ತು. ಇಲ್ಲಿ ಇದ್ದದ್ದು ಬರೀ ಹೆದರಿಕೆ.

2015ರಲ್ಲಿ ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಕೋಟೆಯ ಬಸ್ಸಿಗೆ ಕಾಯುತ್ತಿದ್ದೆ. 'ಮಿಸ್ಸು, ಗುರ್ತು ಸಿಕ್ತಾ?' ಎಂದು ಒಬ್ಬಳು ಎದುರಿಗೆ ನಿಂತಳು. ಜೊತೆಯಲ್ಲಿ ಸ್ಕೂಲು ಬ್ಯಾಗಿನ ಮಗಳು. ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳಂತೆ. ಅದೂ ಇದೂ ಮಾತಾಡಿ, 'ಸ್ಕೂಲ್ ಡೇ ದಿನ ನಮ್ಮಜ್ಜಿ ಬಂದಿತ್ತು ಮಿಸ್' ಎಂದಳು.

ನನಗೆ ಗೊತ್ತಿರಲಿಲ್ಲ.

'ನಡ್ಕೊಂಡೇ ಬಂದಿತ್ತು. ಹಿಂದ್ಗಡೆ ಕೊನೇವರ್ಗೂ ಕೂತಿತ್ತು. ಜನಗಣಮನ ಆಗಿ ಎಲ್ಲಾರೂ ಎದ್ದ್ ಹೋದ್ರೂ ಅದು ಹೊರಡ್ಲಿಲ್ಲ. ನಿನ್ ಹಾಡು ಈಗ ಬತ್ತದಾ ಅಂತ ಕೇಳ್ತು.'

'ನೀನೇನಂದೆ?'

'ಟೈಮಿಲ್ವಂತೆ ಅಂದೆ.'

ನನ್ನ ಸುಳ್ಳನ್ನು ಆ ಮಗು ಕತ್ತಲಲ್ಲಿ ಹಾಡಿಯವರೆಗೂ ಹೊತ್ತುಕೊಂಡು ಹೋಗಿತ್ತು. ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಅವಳ ಕೈ ಹಿಡಿದುಕೊಂಡು ಹೇಳಿದೆ: 'ಟೈಮಿತ್ತು ಕಣಮ್ಮ. ಸಾಹೇಬ್ರಿಗೆ ಹೆದರಿದ್ವಿ. ನಿನಗೆ ಸುಳ್ಳು ಹೇಳಿದೆ.'

'ಗೊತ್ತು ಮಿಸ್' ಎಂದು ನಕ್ಕಳು. 'ರೆಕಾರ್ಡ್ ಡ್ಯಾನ್ಸು ಎರಡು ಸಲ ಹಾಕಿದ್ರಲ್ಲ.'

ಮಗಳಿಗೆ ಆ ಹಾಡು ಬರುತ್ತದೆಯೇ ಎಂದು ಕೇಳಿದೆ. ಇಲ್ಲವಂತೆ. 'ನಂಗೂ ಪೂರ್ತಿ ಬರಲ್ಲ ಮಿಸ್. ಗಾರ್ಡು ಬರೋವರ್ಗೂ ಗೊತ್ತು. ಆಮೇಲಿಂದು ಅಜ್ಜಿ ಜೊತೇಲೇ ಹೋಯ್ತು.' ಅಷ್ಟರಲ್ಲಿ ಬಸ್ಸು ಬಂತು. ನುಗ್ಗಿ ನನಗೊಂದು ಸೀಟು ಹಿಡಿದುಕೊಟ್ಟು ಇಳಿದಳು.

ಈಗಲೂ ಡಿಸೆಂಬರಿನಲ್ಲಿ ನಮ್ಮ ಬೀದಿಯ ಹೊಸ ಟೀಚರಮ್ಮಂದಿರು ಹಾಡು ಆರಿಸಿಕೊಡಲು ಕರೆಯುತ್ತಾರೆ. ಹೋಗುತ್ತೇನೆ. ಬೇಡದ್ದನ್ನು ತೆಗೆಯಲೂ ಹೇಳುತ್ತೇನೆ. ಒಂದೇ ಒಂದು ಕರಾರು: ಯಾವ ಮಗುವಿನ ಹಾಡು ತೆಗೆದರೋ ಆ ಮಗುವನ್ನು ಕರೆದು, ಏಕೆ ತೆಗೆದೆವೆಂದು ನನ್ನೆದುರಿಗೇ ಹೇಳಬೇಕು. ಆ ಮಗು ತಿರುಗಿ ಏನಾದರೂ ಕೇಳಿದರೆ ಕೂತು ಕೇಳಿಸಿಕೊಳ್ಳಬೇಕು. ಒಮ್ಮೊಮ್ಮೆ ಕಾರಣ ಹೇಳಲು ಬಾಯಿ ತೆರೆದವರು ಅಲ್ಲೇ ತಡವರಿಸಿ, 'ಇರಲಿ ಬಿಡಿ ಮೇಡಂ, ಹಾಡ್ಲಿ' ಎಂದುಬಿಡುತ್ತಾರೆ.

ನಾನು ಹಾರ್ಮೋನಿಯಂ ಮುಂದಕ್ಕೆ ಎಳೆದುಕೊಳ್ಳುತ್ತೇನೆ.