ಕ್ಯಾಶ್ ಮಾತ್ರ

ನಾನು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದವ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನನ್ನ ಮಾನ ಹೋಗುವುದು ಆ ಕಾರಣಕ್ಕೇ.

2025ರ ಜುಲೈ. ಆಟಿಯ ಮಳೆ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿತ್ತು. ವರ್ಷಕ್ಕೆ ಸರಕಿನ ವ್ಯಾಪಾರ 40 ಲಕ್ಷ, ಸೇವೆಯದ್ದು 20 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕೆಂಬುದು ನಿಯಮ. ತಪ್ಪು ಯಾರದೆಂದು ಕೇಂದ್ರದವರು ರಾಜ್ಯದ ಕಡೆಗೆ, ರಾಜ್ಯದವರು ಕೇಂದ್ರದ ಕಡೆಗೆ ಬೆರಳು ತೋರಿಸುತ್ತಿದ್ದರು. ಹೆದರಿದ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು ಒಳಗಿಟ್ಟರು.

ಮಂಗಳೂರಿನ ಮಲ್ಲಿಕಟ್ಟೆಯಲ್ಲಿ ನಾನು ತರಕಾರಿ ಕೊಳ್ಳುವ ಅಕ್ಕನೂ ರಟ್ಟಿನ ತುಂಡಿನಲ್ಲಿ ‘ಕ್ಯಾಶ್ ಮಾತ್ರ’ ಎಂದು ಬರೆಸಿ ತೂಗುಹಾಕಿದ್ದರು. ನನ್ನ ಕಿಸೆಯಲ್ಲಿ ಫೋನ್ ಬಿಟ್ಟರೆ ಬೇರೇನೂ ಇಲ್ಲ. ಬಸಳೆಯ ಕಟ್ಟನ್ನು ವಾಪಸ್ ಇಟ್ಟು, ಸಿಟ್ಟಿನಲ್ಲಿ ಒಂದು ಫೋಟೋ ಹೊಡೆದೆ. ನಮ್ಮ ಫ್ಲ್ಯಾಟಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಕೆಳಗೆ ಬರೆದೆ: ‘ಈ ದೇಶದಲ್ಲಿ ತೆರಿಗೆ ಕಟ್ಟುವವರು ನಾವು ನಾಲ್ಕು ಜನ. ಉಳಿದವರದ್ದು ಇದೇ ದಾರಿ.’ ಹದಿನೇಳು ಹೆಬ್ಬೆರಳು ಬಂದವು. ಮಲಗುವ ಮುಂಚೆ ಇನ್ನೊಮ್ಮೆ ಎಣಿಸಿದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಮೂರನೇ ಮಾಳಿಗೆಯವರೂ ಅದೇ ಅಕ್ಕನ ಹತ್ತಿರ ತರಕಾರಿ ಕೊಳ್ಳುತ್ತಾರೆ ಎಂಬುದು ನನ್ನ ತಲೆಗೆ ಹೋಗಿರಲಿಲ್ಲ.

ಎರಡು ದಿನ ಬಿಟ್ಟು ನೋಟು ಹಿಡಿದುಕೊಂಡು ಹೋದೆ. “ಬನ್ನಿ ಮಾಸ್ಟ್ರೇ, ನನ್ನ ಬೋರ್ಡಿನ ಫೋಟೋ ಚಂದ ಬಂದಿದೆಯಂತೆ” ಎಂದರು. ಸುತ್ತ ನಾಲ್ಕೈದು ಗಿರಾಕಿಗಳಿದ್ದರು. ಏನೋ ತೊದಲಿದೆ. ಅವರು ಅಲಸಂಡೆ ತೂಗುತ್ತಾ, ಸ್ವರ ಏರಿಸದೆ ಕೇಳಿದರು: “ನಾನು ಮೈಗೆ ಹಚ್ಚುವ ಸಾಬೂನಿಗೆ ತೆರಿಗೆ ಉಂಟಲ್ವಾ? ಈ ಮೊಬೈಲಿನ ರೀಚಾರ್ಜಿಗೆ? ಅದನ್ನು ನನ್ನ ಪರವಾಗಿ ನೀವು ಕಟ್ಟುವುದಾ ಮಾರಾಯ್ರೆ?”

ಪಕ್ಕದಲ್ಲಿದ್ದವಳು ನನ್ನ ಹಳೇ ವಿದ್ಯಾರ್ಥಿನಿ. ನಗು ಮುಚ್ಚಲು ಕೊಡೆ ಸರಿಮಾಡಿಕೊಂಡಳು.

ಆಗ ಸಾಬೂನಿಗೂ ರೀಚಾರ್ಜಿಗೂ ಶೇ. 18 ಜಿಎಸ್‌ಟಿ. ಪರೋಕ್ಷ ತೆರಿಗೆ ಉಳ್ಳವನಿಗೂ ಇಲ್ಲದವನಿಗೂ ಒಂದೇ ದರ, ಹಾಗಾಗಿ ಇಲ್ಲದವನಿಗೇ ಭಾರ ಹೆಚ್ಚು. ಇದನ್ನು ನಾನೇ ಬೋರ್ಡಿನ ಮೇಲೆ ಬರೆದು, ಪರೀಕ್ಷೆಯಲ್ಲಿ ಐದು ಅಂಕಕ್ಕೆ ಕೇಳಿದವ. ಇನ್ನೂ ನಾಚಿಕೆಯ ಸಂಗತಿಯೆಂದರೆ, ಹಸಿ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಅವರು ಕದಿಯಲಿಕ್ಕೆ ಅಲ್ಲಿ ತೆರಿಗೆಯೇ ಇರಲಿಲ್ಲ! ಅದೂ ನನಗೆ ಗೊತ್ತಿತ್ತು. ಬಸಳೆ ಸಿಗದ ಸಿಟ್ಟಿನಲ್ಲಿ ಮರೆತದ್ದು ಎನ್ನೋಣವೆಂದರೆ, ಹದಿನೇಳು ಹೆಬ್ಬೆರಳು ಬಂದ ಮೇಲೂ ನೆನಪಾಗಲಿಲ್ಲವಲ್ಲ.

ಆಗಸ್ಟಿನಲ್ಲಿ ಆದಾಯ ತೆರಿಗೆ ರಿಟರ್ನ್ ತುಂಬಿಸಲು ಹಂಪನಕಟ್ಟೆಯ ಆಡಿಟರ್ ಕಚೇರಿಗೆ ಹೋದೆ. ಪಿಂಚಣಿ, ಠೇವಣಿಯ ಬಡ್ಡಿ ಎಲ್ಲ ಕೂಡಿಸಿ ನೋಡಿದ ಹುಡುಗ, “ಸರ್, ಮುಂದಿನ ಸಲ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಬೀಳುವುದಿಲ್ಲ. ನಿಮ್ಮದು ಸೊನ್ನೆ” ಎಂದು ಸಂತೋಷದ ಸುದ್ದಿಯಂತೆ ಹೇಳಿದ. ಸಂತೋಷ ಆಗಬೇಕಿತ್ತು. ಆದರೆ ಇಷ್ಟು ವರ್ಷ ಯಾವ ವಾದಕ್ಕೂ ಮೊದಲು ಮೇಜಿನ ಮೇಲೆ ಇಡುತ್ತಿದ್ದ ‘ನಾನು ತೆರಿಗೆ ಕಟ್ಟುವವ’ ಎಂಬ ಬಿಲ್ಲೆಯನ್ನು ಯಾರೋ ಕಸಿದುಕೊಂಡ ಹಾಗಾಯಿತು. ಇನ್ನು ನಾನೂ ಅಕ್ಕನ ಸಾಲಿನಲ್ಲೇ, ಸಾಬೂನಿನ ಲೆಕ್ಕದಲ್ಲಿ.

ಗುಂಪಿನಲ್ಲಿ ಕ್ಷಮೆ ಕೇಳಿ ಬರೆದೆ. ಅದಕ್ಕೆ ಬಂದದ್ದು ಎರಡೇ ಹೆಬ್ಬೆರಳು, ಒಂದು ನನ್ನ ಹೆಂಡತಿಯದ್ದು. ಸೆಪ್ಟೆಂಬರ್ 22ರಿಂದ ಸಾಬೂನಿನ ತೆರಿಗೆ ಶೇ. 5ಕ್ಕೆ ಇಳಿಯಿತು. ಮಲ್ಲಿಕಟ್ಟೆಯಲ್ಲಿ ಆ ರಟ್ಟು ಇನ್ನೂ ತೂಗುತ್ತಿದೆ. ನಾನು ಚಿಲ್ಲರೆ ಹಿಡಿದುಕೊಂಡೇ ಹೋಗುತ್ತೇನೆ.